ಪ್ರಾಜೆಕ್ಟ್ ಪಾಸಾಯ್ತು, ಇವರಿಗೆಲ್ಲ ಥ್ಯಾಂಕ್ಸ್

ಎಂಎಸ್ಸಿ ಪ್ರಾಜೆಕ್ಟ್ ವೈವಾ ಮುಗಿಯಿತು, ಪಾಸಾದೆ. ಕಾಲುವೆಯಲ್ಲಿ ನೀರು ಹರಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರಿನವಳಿಗೆ ಬೇರೆ ಏನು ತಾನೇ ಹೊಳೆಯುತ್ತೆ? ಯಾರು ಏನು ಕೊಟ್ಟರು ಅಂತ ಎಲ್ಲರೆದುರು ಹೇಳಬೇಕು ಅನಿಸಿತು.

ಮೊದಲು ನಮ್ಮ ಮೇಡಂ. ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್ (ಜಾಗ, ಕಾಲ ಎರಡರ ಜೊತೆಗೂ ಬದಲಾಗುವ ಸಂಗತಿಗಳ ಸಮೀಕರಣ) ಪಾಠವನ್ನು ಅವರು ಶುರು ಮಾಡಿದ್ದೇ ಲ್ಯಾಪ್‌ಟಾಪ್ ಮುಚ್ಚಿಸಿ. ಉದ್ದನೆಯ ಕಬ್ಬಿಣದ ಸರಳು, ಅದರ ಮೇಲೆ ಸಮ ಅಂತರದಲ್ಲಿ ಬಿಂದುಗಳು. ನಡುವಿನ ಬಿಂದು 100 ಡಿಗ್ರಿ, ಉಳಿದದ್ದೆಲ್ಲ ಸೊನ್ನೆ. ಶಾಖ ಹೇಗೆ ಹರಡುತ್ತೆ, ಕೈಯಲ್ಲೇ ಹಾಕಿ ಅಂದರು. ಕಾಲದ ಹೆಜ್ಜೆಯನ್ನು (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇರುವ ಸಮಯ) ಶಾಖ ಹರಡುವ ಗುಣಾಂಕದಿಂದ ಗುಣಿಸಿ, ಬಿಂದುಗಳ ಅಂತರದ ವರ್ಗದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು ಕಾಲು (0.25) ಇದ್ದರೆ ನಡುವಿನ ಬಿಂದು 100ರಿಂದ 50ಕ್ಕೆ, ಆಮೇಲೆ 37.5ಕ್ಕೆ ಇಳಿಯುತ್ತದೆ. ಸರಿಯಾಗೇ ಇದೆ ಅಲ್ವಾ? ಈಗ ಅದನ್ನೇ 1 ಮಾಡಿ ಅಂದರು. 100 ಹೋಗಿ ಮೈನಸ್ 100 ಆಯ್ತು. ಆಮೇಲೆ 300. ಆಮೇಲೆ ಮೈನಸ್ 700! ಮೈನಸ್ 273 ಚಿಲ್ಲರೆಗಿಂತ ಕೆಳಗೆ ಜಗತ್ತಿನಲ್ಲಿ ತಂಪೇ ಇಲ್ಲ. ಅದೂ ರಾಯಚೂರಿನ ಬೇಸಿಗೆಯಲ್ಲಿ ಕೂತು ಬರೆದ ಲೆಕ್ಕ. ಸೂತ್ರ ಸರಿ, ಕೂಡಿದ್ದು ಕಳೆದದ್ದೂ ಸರಿ. ಆ ಸಂಖ್ಯೆ ಅರ್ಧ ದಾಟಬಾರದು, ಅಷ್ಟೇ. ಬಿಂದುಗಳ ಅಂತರ ಅರ್ಧಕ್ಕೆ ಇಳಿಸಿದರೆ ಕಾಲದ ಹೆಜ್ಜೆ ಕಾಲು ಭಾಗವಾಗಬೇಕು, ಅಂದರೆ ಬಿಂದುಗಳು ಎರಡು ಪಟ್ಟು, ಹೆಜ್ಜೆಗಳು ನಾಲ್ಕು ಪಟ್ಟು, ಒಟ್ಟು ಎಂಟು ಪಟ್ಟು ಕೆಲಸ. ಹೆಜ್ಜೆ ದೊಡ್ಡದಾದರೂ ಲೆಕ್ಕ ಹೀಗೆ ಹುಚ್ಚೆದ್ದು ಬೆಳೆಯದಂತೆ 1947ರಲ್ಲಿ ಕ್ರಾಂಕ್ ಮತ್ತು ನಿಕೋಲ್ಸನ್ ಕೊಟ್ಟ ವಿಧಾನಕ್ಕೆ ಯಾಕಷ್ಟು ಬೆಲೆ ಅಂತ ಆಮೇಲೆ ಯಾರೂ ವಿವರಿಸಬೇಕಾಗಲಿಲ್ಲ. ಥ್ಯಾಂಕ್ಸ್ ಮೇಡಂ.

ಪೈಥಾನ್ ಕಲಿಸಿದ ಹಾಸ್ಟೆಲ್ ರೂಮ್‌ಮೇಟ್‌ಗೆ, ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಇರುವ ರೂಮಿನ ಬೀಗ ತೆಗೆದುಕೊಟ್ಟ ಲ್ಯಾಬ್ ಅಣ್ಣನಿಗೆ, ಪುಕ್ಕಟೆ ಸಿಕ್ಕ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠ) ವಿಡಿಯೋಗಳಿಗೆ ಕೂಡ.

ಇನ್ನು ನಮ್ಮ ದೊಡ್ಡಪ್ಪ. ಕಾಲುವೆ ಮೇಲೆ ಗ್ಯಾಂಗ್‌ಮ್ಯಾನ್ ಆಗಿದ್ದವರು. ನಾನು ಹಿಡಿದದ್ದು ಫ್ರಾನ್ಸಿನ ಸೇಂಟ್ ವೆನಾಂಟ್ 1871ರಲ್ಲಿ ಕಾಲುವೆ, ನದಿಗಳ ಹರಿವಿಗೆ ಬರೆದ ಸಮೀಕರಣ. ಇಲ್ಲಿ ನಿಯಮ ಬೇರೆ: ಒಂದು ಹೆಜ್ಜೆಯಲ್ಲಿ ಅಲೆ ಒಂದು ಮನೆಗಿಂತ (ಲೆಕ್ಕಕ್ಕಾಗಿ ಕಾಲುವೆಯನ್ನು ಕತ್ತರಿಸಿಕೊಂಡ ಒಂದು ತುಂಡು) ಮುಂದೆ ಹೋಗಬಾರದು. 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಹೇಳಿದ್ದು. ಎರಡೂವರೆ ಮೀಟರ್ ಆಳದ ನೀರಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5 ಮೀಟರ್, ನೀರಿನದ್ದು 1, ಎರಡೂ ಸೇರಿ 6 ಅಂತ ಹಿಡಿಯಿರಿ. ಮನೆ 500 ಮೀಟರ್ ಇದ್ದರೆ ಹೆಜ್ಜೆ 83 ಸೆಕೆಂಡ್ ದಾಟುವಂತಿಲ್ಲ.

ಪಠ್ಯದಲ್ಲಿದ್ದ ಸರಳ ಮಾದರಿಯ ಗ್ರಾಫನ್ನು ದೊಡ್ಡಪ್ಪನಿಗೆ ತೋರಿಸಿದೆ. ಅದರಲ್ಲಿ ಮೇಲೆ ಬಿಟ್ಟಷ್ಟು ನೀರು ಕೆಳಗೆ ಬರುತ್ತದೆ. ನಕ್ಕುಬಿಟ್ಟರು. "ಬಿಟ್ಟದ್ದೆಲ್ಲ ಕೆಳಗ ಬಂದ್ರ ಮೈಲ್ 69ರ ಗೇಜಿಗೆ ನಾವ್ಯಾಕ ಬಡದಾಡ್ತಿದ್ವಿ?" ಗೇಜ್ ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ ಅಳೆಯುವ ಪಟ್ಟಿ. ಆಮೇಲೆ ಹಾಳೆ ಎಳೆದುಕೊಂಡು ಗುರುತು ಹಾಕುತ್ತಾ ಹೋದರು. ಇಲ್ಲಿ ತೂಬು, ಇಲ್ಲಿ ಪಂಪ್‌ಸೆಟ್, ಇಲ್ಲಿ ಹೂಳು, ಇಲ್ಲಿ ಜೊಂಡು. ಪಕ್ಕಕ್ಕೆ ಹೋಗುವ ನೀರಿಗೆ ಸಮೀಕರಣದಲ್ಲಿ ಒಂದು ಪದ ಇದ್ದೇ ಇದೆ. ಪಾಠದಲ್ಲಿ ಸುಮ್ನೆ ಸೊನ್ನೆ ಅಂತ ಹಿಡಿದು ಮುಂದೆ ಹೋಗ್ತಾರೆ. ಜೊಂಡಿನ ಜಾಗದಲ್ಲಿ ಮ್ಯಾನಿಂಗ್ ಗುಣಾಂಕವನ್ನು (ಕಾಲುವೆ ಎಷ್ಟು ಒರಟು ಅನ್ನುವ ಅಳತೆ) 0.022ರಿಂದ 0.030ರ ಮೇಲಕ್ಕೆ ಏರಿಸಿದೆ. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದದ್ದು ಈ ಗುರುತುಗಳ ಮೇಲೇ. ಉತ್ತರಗಳೆಲ್ಲ ದೊಡ್ಡಪ್ಪನವು. 227 ಕಿಲೋಮೀಟರ್ ಕಾಲುವೆಯಲ್ಲಿ ನಾನು ಮಾಡಿದ್ದು ಸಣ್ಣ ತುಂಡು ಮಾತ್ರ, ಆ ತುಂಡು ಅವರು ಸೈಕಲ್ ತುಳಿದ ದಾರಿ.

ಅವ್ವ, ಭತ್ತದ ನಾಟಿ ದಿನಗಳಲ್ಲೂ ನನ್ನನ್ನು ಗದ್ದೆಗೆ ಕರೆಯಲಿಲ್ಲ. ಅದರ ಬಗ್ಗೆ ಇಲ್ಲಿ ಬರೆದರೆ ಬೈಯುತ್ತಾಳೆ, ಸಾಕು.

ಜೂನಿಯರ್‌ಗಳಿಗೆ ಒಂದು ಮಾತು. ಪ್ರೋಗ್ರಾಂ, ಕನ್ನಡದಲ್ಲಿ ಬರೆದ ನೋಟ್ಸ್ ಎರಡೂ ಕೊಡ್ತೀನಿ, ಕೇಳಿ. ಮೈನಸ್ 700ರ ಪುಟವೂ ಅದರಲ್ಲಿದೆ. ನನ್ನ ಕೈಬರಹ ಓದೋದು ಮಾತ್ರ ನಿಮ್ಮ ಹಣೆಬರಹ.