ಬೇಜಾರನ್ನು ಓಡಿಸಬೇಡ

ಚಿ. ಮೇಘನಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕಥೆ ಬರೆಯಬೇಕೆಂದೇ ಒಂದು ವಾರ ರಜೆ ಹಾಕಿದೆ, ಮೊದಲ ದಿನವೇ ಬೇಜಾರು ಹಿಡಿಯಿತು, ಉಳಿದ ದಿನಗಳು ಫೋನಿನಲ್ಲೇ ಕಳೆದವು ಎಂದಿದ್ದೀಯ. ಬೇಜಾರು ಬಂದದ್ದರಿಂದ ಏನೂ ಕೆಡಲಿಲ್ಲ. ಬಂದ ಕೂಡಲೇ ಫೋನಿಗೆ ಕೈ ಹಾಕಿದೆಯಲ್ಲ, ಕೆಟ್ಟದ್ದು ಅಲ್ಲಿ.

ಅದಕ್ಕೆ ನಿನ್ನನ್ನೇ ಬೈದುಕೊಳ್ಳಬೇಡ. ಸುಮ್ಮನೆ ಕೂರುವುದು ಯಾರಿಗೂ ಸುಲಭವಲ್ಲ. ಅಮೆರಿಕದ ಮನೋವಿಜ್ಞಾನಿ ಟಿಮೊಥಿ ವಿಲ್ಸನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಂಟಿಯಾಗಿ ಕೂರಿಸಿದ್ದರು. ಪಕ್ಕದಲ್ಲೊಂದು ಗುಂಡಿ, ಒತ್ತಿದರೆ ಸಣ್ಣ ಕರೆಂಟ್ ಶಾಕ್. ದುಡ್ಡು ಕೊಟ್ಟಾದರೂ ಆ ಶಾಕ್ ತಪ್ಪಿಸಿಕೊಳ್ಳುತ್ತೇವೆ ಎಂದು ಮೊದಲು ಹೇಳಿದ್ದವರೇ ಅವರೆಲ್ಲ. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಒಮ್ಮೆಯಾದರೂ ಒತ್ತಿಕೊಂಡರು. (ಗಂಡಸರ ಲೆಕ್ಕವನ್ನು ನಿನ್ನ ಗಂಡನಿಗೆ ಓದಿ ಹೇಳು.)

ಅದೇ ವರ್ಷ ಇಂಗ್ಲೆಂಡಿನ ಮನೋವಿಜ್ಞಾನಿ ಸ್ಯಾಂಡಿ ಮ್ಯಾನ್ ಮತ್ತು ರೆಬೆಕಾ ಕ್ಯಾಡ್‌ಮನ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಟೆಲಿಫೋನ್ ಡೈರೆಕ್ಟರಿಯ ನಂಬರುಗಳನ್ನು 15 ನಿಮಿಷ ನಕಲು ಮಾಡಿಸಿ, ಆಮೇಲೆ ಎರಡು ಥರ್ಮೋಕೋಲ್ ಲೋಟಗಳಿಂದ ಏನೇನು ಮಾಡಬಹುದು ಹೇಳಿ ಎಂದರು. ನಕಲು ಮಾಡಿ ಬೇಸತ್ತವರು ಆ ಕೆಲಸ ಮಾಡದವರಿಗಿಂತ ಹೆಚ್ಚು ಉಪಯೋಗ ಹೇಳಿದರು. ಇನ್ನೊಂದು ಸುತ್ತಿನಲ್ಲಿ ನಂಬರುಗಳನ್ನು ಬರೀ ಓದಿದವರಿಗೆ ಹೊಳೆದದ್ದು ಇನ್ನೂ ಚೆನ್ನಾಗಿತ್ತು. ಓದುವವರಿಗೆ ಕೈಕೆಲಸವೂ ಇರಲಿಲ್ಲ, ಮನಸ್ಸು ಹಗಲುಗನಸಿಗೆ ಜಾರಲು ಅಡ್ಡಿಯೇ ಇರಲಿಲ್ಲ. ಸಣ್ಣ ಪ್ರಯೋಗ, ವೇದವಾಕ್ಯ ಮಾಡಿಕೊಳ್ಳಬೇಡ. ಸುಳಿವು ಮಾತ್ರ ಉಪಯೋಗದ್ದು: ಕೈಯಲ್ಲಿರುವ ಕೆಲಸ ಎಷ್ಟು ಹಗುರವೋ ಮನಸ್ಸಿಗೆ ಅಲೆಯಲು ಅಷ್ಟು ಜಾಗ.

ಹಾಗಾಗಿ ಬರೀ ಕೂರಲು ಆಗದಿದ್ದರೆ ಕೈಗೊಂದು ಮಂಕು ಕೆಲಸ ಕೊಡು. ರಾತ್ರಿ ನೆನೆಹಾಕಿದ ಅರ್ಧ ಕೇಜಿ ಅವರೆಕಾಳು ಹಿತುಕುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು, ಪಾತ್ರೆ ತೊಳೆಯುವುದು. ನಡಿಗೆಯಾದರೆ ಕಾಲಿಗೆ ಗೊತ್ತಿರುವ ದಾರಿಯೇ ಇರಲಿ. ಸಿಗ್ನಲ್ ದಾಟುತ್ತಾ ಬೈಕುಗಳಿಂದ ತಪ್ಪಿಸಿಕೊಳ್ಳುತ್ತಾ ನಡೆದರೆ ಗಮನವೆಲ್ಲ ರಸ್ತೆಗೇ ಹೋಗುತ್ತದೆ. ಹೊಸ ಅಡುಗೆಯೂ ಆಗದು, ಅಳತೆ ನೋಡಬೇಕಾಗುತ್ತದೆ. ಕಿವಿಯಲ್ಲಿ ಪಾಡ್‌ಕಾಸ್ಟ್ ಅಂತೂ ಬೇಡವೇ ಬೇಡ. ನಿನ್ನ ಮಾತು ಹುಟ್ಟಬೇಕಾದ ಜಾಗದಲ್ಲಿ ಇನ್ನೊಬ್ಬರು ಮಾತಾಡುತ್ತಿರುತ್ತಾರೆ.

ಒಂದು ಮುಖ್ಯ ಸಂಗತಿಯನ್ನು ಜನ ಬಿಟ್ಟುಬಿಡುತ್ತಾರೆ. ಖಾಲಿ ಹೊತ್ತು ಫಲ ಕೊಡಬೇಕಾದರೆ ತಲೆ ಖಾಲಿ ಇರಬಾರದು. 1921ರಲ್ಲಿ ಸಿ. ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡುತ್ತಾ ನಿಂತರು. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಫಲನದಿಂದ ಎಂಬ ಬ್ರಿಟಿಷ್ ವಿಜ್ಞಾನಿ ರ್‍ಯಾಲಿಯ ವಿವರಣೆ ಆಗ ಚಾಲ್ತಿಯಲ್ಲಿತ್ತು. ರಾಮನ್ ತಮ್ಮ ಬಳಿಯಿದ್ದ ನಿಕೋಲ್ ಪ್ರಿಸಂ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳು) ಹಿಡಿದು ಪ್ರತಿಫಲಿತ ಬೆಳಕನ್ನು ಅಡಗಿಸಿ ನೋಡಿದರು, ನೀಲಿ ಹೋಗಲಿಲ್ಲ. ನೀರೇ ಬೆಳಕನ್ನು ಚದುರಿಸುತ್ತದೆ ಎಂಬ ಆ ಜಾಡು 1928ರ ಫೆಬ್ರುವರಿ 28ರ ‘ರಾಮನ್ ಪರಿಣಾಮ’ದ ಶೋಧದವರೆಗೆ ಹೋಯಿತು. ಆ ಡೆಕ್ ಮೇಲೆ ಬೇಸರ ಕಳೆಯಲು ನಿಂತವರು ಬೇರೆಯವರೂ ಇದ್ದಿರಬೇಕು. ಪ್ರಿಸಂ ಇದ್ದದ್ದು ಇವರ ಬಳಿ, ವರ್ಷಗಟ್ಟಲೆ ಬೆಳಕಿನ ಕೆಲಸ ಮಾಡಿದ್ದವರೂ ಇವರೇ.

ನಿನ್ನ ಮಟ್ಟಿಗೆ ಇದು ಹೀಗೆ: ಮೊದಲು ಮುಕ್ಕಾಲು ಗಂಟೆ ಕಥೆಯೊಡನೆ ಗುದ್ದಾಡು. ಸಿಕ್ಕಿಬಿದ್ದ ಕಡೆ ನಿಲ್ಲಿಸಿ ಒಂದೇ ಸಾಲಿನ ಪ್ರಶ್ನೆ ಬರೆದಿಡು, ‘ಅತ್ತೆ ಆ ರಾತ್ರಿ ಬಾಗಿಲು ಯಾಕೆ ತೆಗೆಯಲಿಲ್ಲ?’ ಎಂಬಂಥದ್ದು. ಆಮೇಲೆ ಅರ್ಧ ಗಂಟೆ ಏನೂ ಇಲ್ಲದ ಹೊತ್ತು. ಫೋನ್ ಬೇರೆ ಕೋಣೆಯಲ್ಲಿ. ಹೊತ್ತು ನೋಡಲು ಗೋಡೆ ಗಡಿಯಾರ ಸಾಕು. ಮೊದಲ ಹತ್ತು ನಿಮಿಷ ಗ್ಯಾಸ್ ಬುಕ್ ಮಾಡಬೇಕು, ಇಎಂಐ ಕಟ್ಟಬೇಕು ಎಂಬುದೇ ಬರುತ್ತದೆ. ಅವನ್ನು ಒಂದು ಚೀಟಿಯಲ್ಲಿ ಗೀಚಿ ಪಕ್ಕಕ್ಕಿಡು, ಎದ್ದು ಮಾಡಲು ಹೋಗಬೇಡ. ಅದಾದ ಮೇಲೆ ಚಡಪಡಿಕೆ ಏರುತ್ತದೆ. ಹೆಚ್ಚಿನವರು ಏಳುವುದು ಇಲ್ಲೇ. ಇದನ್ನು ದಾಟಿದರೆ ಮನಸ್ಸು ಸಡಿಲವಾಗಿ ಎಲ್ಲೆಲ್ಲೋ ಸುತ್ತುತ್ತದೆ. ಪ್ರಶ್ನೆಗೆ ಎಳೆದು ತರಬೇಡ. ಏನಾದರೂ ಹೊಳೆದರೆ ಪೆನ್ಸಿಲ್‌ನಲ್ಲಿ ನಾಲ್ಕೇ ಪದ. ವಾಕ್ಯ ತಿದ್ದಲು ಕೂತೆಯೋ, ಅಲೆದಾಟ ಅಲ್ಲಿಗೆ ಮುಗಿಯಿತು.

ಊಟವಾದ ತಕ್ಷಣ ಬೇಡ, ನಿದ್ದೆ ಬರುತ್ತದೆ. ‘ಇವತ್ತು ಏನು ಸಿಕ್ಕಿತು’ ಎಂದು ಲೆಕ್ಕ ಬರೆಯಲೂ ಬೇಡ, ಅದು ಇನ್ನೊಂದು ಆಫೀಸ್ ಮೀಟಿಂಗ್ ಆಗುತ್ತದೆ. ಏನೂ ಸಿಗದ ದಿನಗಳೇ ಹೆಚ್ಚು. ಯಾರೋ ಆಡಿದ ಮಾತು, ಹಳೇ ಜಗಳ ಗಾಣದೆತ್ತಿನಂತೆ ಸುತ್ತುತ್ತಿದ್ದರೆ ಕೂತಿರಬೇಡ, ಅದು ಅಲೆದಾಟವಲ್ಲ, ಚಿಂತೆ, ಎದ್ದು ನಡೆ. ಎರಡು ವಾರ ಕಳೆದರೂ ಯಾವುದರಲ್ಲೂ ರುಚಿಯಿಲ್ಲ, ನಿದ್ದೆ ಊಟ ಕೆಟ್ಟಿವೆ ಎಂದಾದರೆ ಈ ಪತ್ರ ಪಕ್ಕಕ್ಕಿಟ್ಟು ಡಾಕ್ಟರನ್ನು ನೋಡು.

ಪುಟ್ಟನ ಬೇಸಿಗೆ ರಜೆಗೆ ಮೂರು ಕ್ಯಾಂಪ್ ಸೇರಿಸುವ ಯೋಚನೆ ಇದೆ ಎಂದಿದ್ದೀಯ. ಒಂದು ಸಾಕು, ಅದೂ ಬೆಳಗಿನದು. ಮಧ್ಯಾಹ್ನ ‘ಅಮ್ಮಾ, ಬೋರು’ ಎಂದು ಬಂದರೆ ಆಟ ಸೂಚಿಸಬೇಡ. ಸೂಚಿಸಿದರೆ ನಾಳೆಯೂ ನಿನ್ನನ್ನೇ ಕೇಳುತ್ತಾನೆ. ಹಳೆಯ ರಟ್ಟಿನ ಪೆಟ್ಟಿಗೆ, ಹಗ್ಗ, ಗೋಂದು, ಬಳಪ, ಹುಣಸೆಬೀಜ ಕೈಗೆಟಕುವ ಕಡೆ ಇರಲಿ. ಅರ್ಧ ಗಂಟೆ ಗೊಣಗುತ್ತಾನೆ, ಗೊಣಗಲಿ. ನೆಲ ಗಲೀಜಾದರೆ ಸಂಜೆ ಅವನ ಕೈಯಲ್ಲೇ ಗುಡಿಸಿಸು.

ಇಂತಿ,
ನಿನ್ನ ದೊಡ್ಡಪ್ಪ