ಸದಸ್ಯರ ಗಮನಕ್ಕೆ: ಇಂದು ರಾತ್ರಿಯಿಂದ ಹೊಸ ಕ್ರಮ

ಎಲ್ಲರಿಗೂ ನಮಸ್ಕಾರ.

ಮಳೆ ಜೋರಾದ ಕೂಡಲೇ ನಮ್ಮ ಈ ವಾಟ್ಸಾಪ್ ಗುಂಪಿಗೆ 2018ರ ಕೊಡಗಿನ ಜೋಡುಪಾಲದ ಭೂಕುಸಿತದ ವಿಡಿಯೊ ‘ಈಗಷ್ಟೇ ಆದದ್ದು’ ಎಂದು ಬರುತ್ತದೆ, ಹಿಂದೆಯೇ ಜಗಳ. ರಸ್ತೆ, ಕರೆಂಟಿನ ಸುದ್ದಿ ಅದರಲ್ಲಿ ಮುಳುಗಿಹೋಗುತ್ತದೆ.

ಇಂದು ರಾತ್ರಿ 9ರಿಂದ ಅಡ್ಮಿನ್ ಒಪ್ಪಿದರಷ್ಟೇ ಹೊಸಬರು ಒಳಗೆ. ಗುಂಪಿಗೆ ಸೇರುವ ಲಿಂಕನ್ನೂ ರೀಸೆಟ್ ಮಾಡುತ್ತೇವೆ. ತೆಗೆದುಹಾಕಿದವರು ಬೇರೆ ನಂಬರಿನಿಂದ ನುಗ್ಗುವುದು ಹಳೇ ಲಿಂಕಿನಿಂದಲೇ.

ಕೆಣಕುವ ಮೆಸೇಜಿಗೆ ಉತ್ತರಿಸಬೇಡಿ, ಬುದ್ಧಿ ಹೇಳಲೂ ಹೋಗಬೇಡಿ. ಅವರಿಗೆ ಬೇಕಿರುವುದೇ ಅದು! ಸ್ಕ್ರೀನ್‌ಶಾಟ್ ತೆಗೆದು ಅಡ್ಮಿನ್‌ಗೆ ಪ್ರತ್ಯೇಕವಾಗಿ ಕಳಿಸಿ, ಎಲ್ಲರ ಫೋನಿನಿಂದಲೂ ನಾವು ಅಳಿಸುತ್ತೇವೆ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು, ಇಲ್ಲಿಗೆ ತಳ್ಳಬೇಡಿ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಹೊರಗೆ. ನೆಂಟರಾದರೂ ಅಷ್ಟೇ.

ಓದಿದವರು 👍 ಒತ್ತಿ. ಆಕ್ಷೇಪವಿದ್ದರೆ ಸಂಜೆ 6ರೊಳಗೆ ತಿಳಿಸಿ.