ಎಲ್ಲ ಬ್ರೌಸರ್‌ಗಳಲ್ಲಿ ಪರೀಕ್ಷಿಸದೆ ಆನ್‌ಲೈನ್ ಮಳಿಗೆಯನ್ನು ಒಪ್ಪಿಸಿದ ಬಗ್ಗೆ ದೂರು

ಇವರಿಂದ:
ಕಾರ್ಯದರ್ಶಿ,
ಮಹಿಳಾ ಸ್ವಸಹಾಯ ಸಂಘ,
ಕಲಬುರಗಿ.

ಇವರಿಗೆ:
ವ್ಯವಸ್ಥಾಪಕರು,
ನಮ್ಮ ಜಾಲತಾಣ ನಿರ್ಮಿಸಿದ ಸಂಸ್ಥೆ.

ಮಾನ್ಯರೇ,

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ತೊಗರಿ ಬೇಳೆ ಮಾರಲು ನಮ್ಮ ಸಂಘಕ್ಕೆ ನೀವು ಜಾಲತಾಣ ಕಟ್ಟಿಕೊಟ್ಟಿದ್ದೀರಿ. ಒಪ್ಪಿಸುವಾಗ ನೀಡಿದ ವರದಿಯಲ್ಲಿ, ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಪರೀಕ್ಷಿಸಿದ್ದೇವೆ ಎಂದು ಬರೆದು ಸಹಿ ಹಾಕಿದ್ದೀರಿ. ಆ ಮಾತು ನಿಜವಲ್ಲವೆಂದು ನಮಗೆ ತಿಳಿದದ್ದು ಗ್ರಾಹಕರ ಫೋನ್ ಕರೆಗಳಿಂದ.

ಪುಣೆಯಲ್ಲಿ ನೆಲೆಸಿರುವ ಆಳಂದ ಕಡೆಯ ಗ್ರಾಹಕರೊಬ್ಬರು, “ಅಕ್ಕ, ಬೇಕಾದ್ದನ್ನೆಲ್ಲ ಬುಟ್ಟಿಗೆ ಹಾಕಿದ್ದೇನೆ, ಹಣ ಕಟ್ಟುವುದು ಎಲ್ಲಿ?” ಎಂದು ಕೇಳಿದರು. ಅವರದು ಐಫೋನ್. ನಮ್ಮ ಸದಸ್ಯೆಯ ಮಗಳ ಐಫೋನಿನಲ್ಲಿ ತೆರೆದು ನೋಡಿದೆವು. ‘ಹಣ ಪಾವತಿಸಿ’ ಎಂಬ ಗುಂಡಿ ಐಫೋನಿನ ಬ್ರೌಸರ್ ಆದ ಸಫಾರಿಯ ವಿಳಾಸ ಪಟ್ಟಿಯ (ಜಾಲತಾಣದ ವಿಳಾಸ ತೋರುವ, ಪರದೆಯ ಕೆಳಗಿನ ಪಟ್ಟಿ) ಹಿಂದೆ ಅಡಗಿ, ಅದರ ಮೇಲಂಚಿನ ಹಸಿರು ಗೆರೆಯಷ್ಟೇ ಕಾಣುತ್ತಿತ್ತು. ಪುಟದ ಎತ್ತರವನ್ನು ಲೆಕ್ಕ ಹಾಕುವಾಗ ವಿಳಾಸ ಪಟ್ಟಿ ಹಿಡಿಯುವ ಜಾಗವನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ಹೀಗಾಗುತ್ತದೆ. ಈ ಕೆಲಸ ಬಲ್ಲವರಿಗೆ ಇದು ಹಳೆಯ, ಪರಿಚಿತ ದೋಷ. ಒಂದೇ ಒಂದು ಐಫೋನಿನಲ್ಲಿ ತೆರೆದು ನೋಡಿದ್ದರೂ ನಿಮ್ಮ ಕಣ್ಣಿಗೆ ಬೀಳುತ್ತಿತ್ತು.

ಇದನ್ನು ತಿಳಿಸಿದಾಗ ನಿಮ್ಮ ತಂತ್ರಜ್ಞರು, ಗ್ರಾಹಕರಿಗೆ ಕ್ರೋಮ್ ಹಾಕಿಕೊಳ್ಳಲು ಹೇಳಿ ಎಂದರು. ಈ ಉತ್ತರ ನಮಗೆ ತುಂಬ ನೋವು ತಂದಿದೆ. ನಮ್ಮ ದೇಶದಲ್ಲಿ ಐಫೋನಿನ ಕ್ರೋಮ್ ಕೂಡ ನಡೆಯುವುದು ಸಫಾರಿಯ ವೆಬ್‌ಕಿಟ್ ಎಂಜಿನ್ (ಪುಟವನ್ನು ಪರದೆಯ ಮೇಲೆ ಮೂಡಿಸುವ ಒಳಗಿನ ತಂತ್ರಾಂಶ) ಮೇಲೆಯೇ. ಇದು ತಂತ್ರಜ್ಞರಿಗೆ ಗೊತ್ತಿರಲೇಬೇಕು. ಅದಕ್ಕಿಂತ ಮುಖ್ಯವಾಗಿ, ಅಂಗಡಿಗೆ ಬಂದವರನ್ನು ಬೇರೆ ಚಪ್ಪಲಿ ಹಾಕಿಕೊಂಡು ಬನ್ನಿ ಎಂದು ಯಾವ ವ್ಯಾಪಾರಿಯೂ ಹಿಂದಕ್ಕೆ ಕಳುಹಿಸುವುದಿಲ್ಲ.

ನಿಮ್ಮ ವರದಿಯನ್ನು ಮತ್ತೆ ಓದಿದೆವು. ಪರೀಕ್ಷಿಸಿದ್ದೇವೆಂದು ನೀವು ಹೆಸರಿಸಿರುವುದು ಕ್ರೋಮ್, ಎಡ್ಜ್ ಮತ್ತು ಒಪೆರಾ. ಒಪೆರಾ 2013ರಲ್ಲಿ, ಎಡ್ಜ್ 2020ರಲ್ಲಿ ಕ್ರೋಮ್‌ನ ತಳಹದಿಯಾದ ಕ್ರೋಮಿಯಂಗೆ ಬದಲಾದವು. ಹೆಸರು ಮೂರಾದರೂ ಒಳಗಿನ ಎಂಜಿನ್ ಒಂದೇ. ಸಫಾರಿಯ ವೆಬ್‌ಕಿಟ್ಟನ್ನಾಗಲಿ, ಫೈರ್‌ಫಾಕ್ಸ್‌ನ ಗೆಕ್ಕೊ ಎಂಜಿನ್ನನ್ನಾಗಲಿ ನೀವು ಮುಟ್ಟಿಯೇ ಇಲ್ಲ.

ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಬೇಳೆ ಪೊಟ್ಟಣ ಯಾವ ತಿಂಗಳಿನಿಂದ ಬೇಕು ಎಂದು ಆರಿಸುವ ಜಾಗದಲ್ಲಿ ಕಂಪ್ಯೂಟರಿನಲ್ಲಿ ಬರಿಯ ಖಾಲಿ ಚೌಕ ಬರುತ್ತದೆ. ಅಲ್ಲಿ ‘ಮಾರ್ಚ್’ ಎಂದು ಬರೆದರೆ ತಪ್ಪೆಂದು ತಿರಸ್ಕರಿಸುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗವೇ ಕತ್ತರಿಸಿಹೋಗಿ, ‘ರೊಟ್ಟಿ’ ಎಂಬುದು ‘ರೊಟಿ’ ಎಂದು ಕಾಣುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಿಗಿದಿದ್ದೀರಿ. ಕನ್ನಡಕ್ಕೆ ಕೆಳಗೂ ಜಾಗ ಬೇಕು, ಅದೂ ಸಾಧನದ ಅಕ್ಷರ ವಿನ್ಯಾಸಕ್ಕೆ ತಕ್ಕಂತೆ ಬದಲಾಗುತ್ತದೆ.

ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ರೊಟ್ಟಿ ಬಡಿಯುತ್ತಾರೆ. ಬೇಳೆಗೆ ತೊಗರಿ ಕೊಳ್ಳುವುದು ನೆಹರು ಗಂಜ್‌ನಲ್ಲಿ, ಕೈಯಿಂದ ಹಣ ಕೊಟ್ಟು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತ ಮೇಲೆ ಹೊರಊರುಗಳಿಂದ ಅದನ್ನೇ ಹೆಸರಿಟ್ಟು ಕೇಳುವವರಿದ್ದಾರೆ. ಅಂಥವರು ಹಣ ಕಟ್ಟಲು ಗುಂಡಿ ಕಾಣದೆ ಹೊರಟುಹೋದರೆ, ಫೋನ್ ಮಾಡಿ ತಿಳಿಸುವವರು ಎಷ್ಟು ಜನ? ಉಳಿದವರು ಸುಮ್ಮನೆ ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಆ ನಷ್ಟ ನಮ್ಮ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ.

ಆದ್ದರಿಂದ ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ, ಹೆಚ್ಚುವರಿ ಶುಲ್ಕವಿಲ್ಲದೆ, ಮೇಲಿನ ದೋಷಗಳನ್ನು ಸರಿಪಡಿಸಬೇಕು. ಐಫೋನಿನ ಸಫಾರಿ, ಕಂಪ್ಯೂಟರಿನ ಫೈರ್‌ಫಾಕ್ಸ್, ಸ್ಯಾಮ್‌ಸಂಗ್ ಫೋನಿನ ‘ಸ್ಯಾಮ್‌ಸಂಗ್ ಇಂಟರ್ನೆಟ್’ ಬ್ರೌಸರ್ ಹಾಗೂ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನ ಕ್ರೋಮ್, ಈ ಪ್ರತಿಯೊಂದರಲ್ಲೂ ವಸ್ತು ಆರಿಸುವುದರಿಂದ ಹಣ ಪಾವತಿಯ ರಸೀದಿ ಬರುವವರೆಗೆ ಒಂದೊಂದು ಆರ್ಡರ್ ಪೂರ್ತಿ ಮಾಡಿ ನೋಡಬೇಕು. ಮುಖಪುಟ ತೆರೆದುಕೊಂಡರೆ ಪರೀಕ್ಷೆ ಮುಗಿದಂತಲ್ಲ. ಯಾವ ಸಾಧನ, ಬ್ರೌಸರಿನ ಯಾವ ಆವೃತ್ತಿ ಎಂಬುದನ್ನು ಪರದೆಯ ಚಿತ್ರಗಳ ಸಹಿತ ಲಿಖಿತವಾಗಿ ಕೊಡಬೇಕು. ಆ ವರದಿಯನ್ನು ನಾವೇ ಇಲ್ಲಿ ತಾಳೆ ನೋಡಿದ ಬಳಿಕವೇ ಕೊನೆಯ ಕಂತಿನ ಹಣವನ್ನು ಬಿಡುಗಡೆ ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯೆಯರ ಪರವಾಗಿ)